ಪೇಟಿ ಮಾಸ್ತರರು ಯಾವ ಕಡೆ ನೋಡಬೇಕು?

ಮಾಸ್ತರರ ಮನೆಯ ಟ್ರಂಕಿನಲ್ಲಿ 63 ಫೋಟೋಗಳಿದ್ದವು. ಎಲ್ಲವೂ ಸಂಗೀತ ಕಛೇರಿಗಳವು. ನೆಲದ ಮೇಲೆ ಹರವಿಕೊಂಡು ಎಣಿಸಿದೆ. ಮಾಸ್ತರರ ಮುಖ ಪೂರ್ತಿ ಕಾಣುವುದು 4ರಲ್ಲಿ ಮಾತ್ರ. ಅದರಲ್ಲೂ ಒಂದರಲ್ಲಿ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಮೈಕಿನ ಕೋಲು ಮೂಗಿಗೆ ಅಡ್ಡ ಬಂದಿದೆ. ಉಳಿದದ್ದರಲ್ಲಿ ಭುಜ, ಮೊಣಕೈ, ಅರ್ಧ ಕಿವಿ.

ಅವರ ಮನೆಯವರನ್ನು ನಾನು ಕಾಕು ಅಂತೀನಿ. ಚಹಾ ತಂದಿಟ್ಟವರು ಅಲ್ಲೇ ಕೂತು ಒಂದು ಫೋಟೋ ಎತ್ತಿಕೊಂಡರು. ನಡುವೆ ಗಾಯಕರು ಕೈ ಎತ್ತಿ ಹಾಡುತ್ತಿದ್ದಾರೆ. ಬಲಗಡೆ ಅಂಚಿನಲ್ಲಿ ಹಾರ್ಮೋನಿಯಂ ಪೇಟಿಯ ಮೂಲೆ, ಅದರ ಮೇಲೆ ಒಂದು ಕೈ. ಅಷ್ಟೇ.

"ಇದು ಇವರದ ಕೈ ನೋಡ ತಮ್ಮಾ. ಉಂಗುರ ನಮ್ಮ ಲಗ್ನದ್ದು."

ಈ ಕೆಲಸದಲ್ಲಿ ಆಮೇಲೆ ನಡೆದ ಎಷ್ಟೋ ವಿಷಯ ಈ ಉಂಗುರಕ್ಕೇ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೆಲಸ ಏನಿತ್ತು

ಮಾಸ್ತರರಿಗೆ 74 ವರ್ಷ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. 40 ವರ್ಷ ದೊಡ್ಡ ದೊಡ್ಡ ಗಾಯಕರಿಗೆ ಹಾರ್ಮೋನಿಯಂ ಸಾಥ್ ಮಾಡಿದವರು, ಅಂದರೆ ಪಕ್ಕವಾದ್ಯ ನುಡಿಸಿದವರು. ಧಾರವಾಡದ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅಂತಾರೆ, ಹಾಗಾಗಿ ಅವರು ಊರಿಗೆಲ್ಲ ಪೇಟಿ ಮಾಸ್ತರರು. ಹೆಸರು ಇಲ್ಲಿ ಬೇಡ ಅಂದಿದ್ದಾರೆ, ಪುಸ್ತಕದ ಹೆಸರೂ ಬೇಡ ಅಂದಿದ್ದಾರೆ.

ಅವರು ನೆನಪುಗಳನ್ನು ಬರೆದಿದ್ದರು. ಡೆಮಿ 1/8 ಆಕಾರ, 192 ಪುಟ, 500 ಪ್ರತಿ. ಜೊತೆಗೆ ಮೊದಲ ಸಲ ಅವರದೇ ಒಂದು ಸೋಲೊ ಧ್ವನಿಮುದ್ರಣ, 40 ನಿಮಿಷದ್ದು. ನನ್ನ ಪಾಲಿಗೆ ಬಂದದ್ದು ಭಾವಚಿತ್ರ, ಪುಸ್ತಕದ ಮುಖಪುಟ, ಆಲ್ಬಂಗೆ ಒಂದು ಚೌಕ ಚಿತ್ರ, ಬಿಡುಗಡೆಯ ಆಮಂತ್ರಣ. ಎಲ್ಲ ಸೇರಿ 18,000 ರೂಪಾಯಿ, ಮಾಸ್ತರರ ಮಗ ಕೊಟ್ಟದ್ದು. ಜಾಸ್ತಿ ಅಲ್ಲ. ಆದರೆ ಮಾಸ್ತರರ ಪುಸ್ತಕದ ಕರಡು ಓದಿದ ಮೇಲೆ ನಾನು ಚೌಕಾಸಿ ಮಾಡಲಿಲ್ಲ.

ಆ ಕರಡಿನಲ್ಲಿ ಒಂದು ಅಧ್ಯಾಯ ರೇಡಿಯೋದ್ದು. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ನಿಷೇಧವಿತ್ತು. ಇದು ಪರದೇಶದ ವಾದ್ಯ, ಸ್ವರಗಳು ಕಟ್ಟಿಹಾಕಿದ ಹಾಗೆ ನಿಂತಿರುತ್ತವೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಸಿಗುವುದಿಲ್ಲ ಎಂಬುದು ಆಗಿನ ವಾದ. ಧಾರವಾಡ ಕೇಂದ್ರ 1950ರಲ್ಲಿ ಶುರುವಾಯಿತು. ಊರಿಗೆ ರೇಡಿಯೋ ಬಂತು, ಪೇಟಿ ಮಾತ್ರ ಬಾಗಿಲ ಹೊರಗೇ ಉಳಿಯಿತು. ಹಾಡುವವರು ಒಳಗೆ ಹೋಗಿ ಸಾರಂಗಿಯ ಸಾಥ್ ತಗೊಂಡು ಹಾಡಬೇಕು. ಮಾಸ್ತರರ ಗುರುಗಳು ಮನೆಯಲ್ಲಿ ಕೂತು ಅದನ್ನೇ ಕೇಳಿ, ಮುಂದೆ ಪೇಟಿ ಇಟ್ಟುಕೊಂಡು ಜೊತೆಗೆ ನುಡಿಸುತ್ತಿದ್ದರಂತೆ. ಯಾರಿಗೂ ಕೇಳದ ಸಾಥ್. ನನಗೆ ಈ ಕೆಲಸದ ದಾರಿ ಸಿಕ್ಕಿದ್ದು ಈ ಪುಟದಲ್ಲಿ. ಆದರೆ ಅದು ಗೊತ್ತಾಗಿದ್ದು ಎರಡು ಸಲ ಎಡವಿದ ಮೇಲೆ.

ಎರಡು ಸಲ ಕೆಟ್ಟದ್ದು

ಮೊದಲು ಅವರನ್ನು ನನ್ನ ಸ್ಟುಡಿಯೋಕ್ಕೆ ಕರೆಸಿದೆ. ಬೂದು ಬಣ್ಣದ ಪರದೆ, ಎಡಗಡೆ ಒಂದು ಸಾಫ್ಟ್‌ಬಾಕ್ಸ್, ಮುಂದೆ ಪೇಟಿ. 140 ಫ್ರೇಮ್ ತೆಗೆದೆ. ಒಂದೂ ಬರಲಿಲ್ಲ. ತಾಂತ್ರಿಕವಾಗಿ ಎಲ್ಲ ಸರಿ ಇತ್ತು, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕೂಡ ಚೆನ್ನಾಗಿ ಬಿದ್ದಿತ್ತು. ಆದರೆ ಮಾಸ್ತರರು ರೇಷನ್ ಕಾರ್ಡಿನ ಫೋಟೋಕ್ಕೆ ಕೂತ ಹಾಗೆ ಕೂತಿದ್ದರು. ಲೆನ್ಸ್ ನೋಡಿ ಅಂದರೆ ಲೆನ್ಸನ್ನೇ ಗುರಾಯಿಸುವುದು. ಲೆನ್ಸ್ ನೋಡಬೇಡಿ ಅಂದರೆ ಕ್ಯಾಲೆಂಡರ್ ನೋಡುವುದು. ಮೂರು ಸಲ ಕೇಳಿದರು: "ನಾ ಎಲ್ಲಿ ನೋಡ್ಲಿರಿ?"

ನಾನು ಮೂರು ಸಲವೂ ಏನೋ ಒಂದು ಜಾಗ ತೋರಿಸಿದೆ. ಆ ಪ್ರಶ್ನೆಯನ್ನು ಆವತ್ತು ಸರಿಯಾಗಿ ಕೇಳಿಸಿಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಎರಡನೇ ಸಲ, ನಿಜವಾದ ಕಛೇರಿಯಲ್ಲೇ ತೆಗೆಯೋಣ ಅಂತ ಹೋದೆ. ಸಣ್ಣ ಸಭಾಭವನ, ಮೇಲೆ ಎಲ್‌ಇಡಿ ದೀಪಗಳು. ಆಲಾಪದ ನಡುವೆ ಟಕ್ ಟಕ್ ಅಂದರೆ ಮುಂದಿನ ಸಾಲಿನವರು ತಿರುಗಿ ನೋಡುವ ನೋಟ ಇದೆಯಲ್ಲ, ಅದು ಬೇಡ ಅಂತ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದೆ. ಮನೆಗೆ ಬಂದು ನೋಡಿದರೆ ಎಲ್ಲ ಫೋಟೋದಲ್ಲೂ ಅಡ್ಡಡ್ಡ ಕಪ್ಪು ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರು ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ದೀಪ ಮಂಕಾದ ಕ್ಷಣದಲ್ಲಿ ಓದಿದ ಸಾಲು ಕಪ್ಪು, ಬೆಳಗಿದ ಕ್ಷಣದ ಸಾಲು ಬಿಳುಪು. ಮೆಕ್ಯಾನಿಕಲ್ ಶಟರ್ ಇಟ್ಟು, ವೇಗ 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಸದ್ದಾಗುತ್ತೆ ಅಂದರೆ ದ್ರುತ್, ಅಂದರೆ ವೇಗದ ಭಾಗ ಶುರುವಾಗುವವರೆಗೆ ಕಾಯಬೇಕು, ತಬಲಾ ಜೋರಾದ ಮೇಲೆ ಕ್ಲಿಕ್ ಯಾರಿಗೂ ಕೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆವತ್ತು ಸುಮ್ನೆ ಮರೆತೆ.

ಆದರೆ ಆ ಪಟ್ಟೆ ಪಟ್ಟೆ ಫೋಟೋಗಳಲ್ಲಿ ಒಂದು ವಿಷಯ ಕಂಡಿತು. ಮಾಸ್ತರರು ಒಮ್ಮೆಯೂ ಸಭೆಯ ಕಡೆ ನೋಡಿಲ್ಲ. ಪೇಟಿಯ ಕಡೆಯೂ ನೋಡಿಲ್ಲ. ಎಲ್ಲ ಫ್ರೇಮಿನಲ್ಲೂ ನೋಟ ಒಂದೇ ಕಡೆ, ಗಾಯಕರ ಮುಖದ ಮೇಲೆ. ನಾನು ಎಲ್ಲಿ ನೋಡಲಿ ಅಂತ ಅವರು ಕೇಳಿದ್ದು ಇದನ್ನೇ. 40 ವರ್ಷ ಒಬ್ಬರ ಮುಖ ನೋಡುತ್ತಾ ಕೂತವರನ್ನು ನಾನು ಖಾಲಿ ಗೋಡೆಯ ಮುಂದೆ ಕೂರಿಸಿದ್ದೆ.

ಮಾಳಮಡ್ಡಿಯ ಮನೆಯಲ್ಲಿ

ಮೂರನೇ ಸಲ ಅವರ ಮನೆಗೇ ಹೋದೆ. ಧಾರವಾಡದ ಮಾಳಮಡ್ಡಿಯಲ್ಲಿ ಹಂಚಿನ ಮನೆ, ಪಡಸಾಲೆಗೆ ಪೂರ್ವದ ಕಡೆ ದೊಡ್ಡ ಕಿಟಕಿ. ಅವರ ಶಿಷ್ಯೆ ಒಬ್ಬಳನ್ನು ಹಾಡಲು ಕರೆಸಿದೆ. ಯೋಜನೆ ಇಷ್ಟೇ: ಆಕೆ ಹಾಡಬೇಕು, ಮಾಸ್ತರರು ಸಾಥ್ ಮಾಡಬೇಕು, ನನ್ನ ಚೌಕಟ್ಟಿನಲ್ಲಿ ಆಕೆ ಇರಬಾರದು.

ನನಗೆ ಗೊತ್ತಿರುವ ರಾಗ ಅಂತ ಯಮನ್ ಹಾಡಿಸಿ ಅಂದೆ.

"ಮುಂಜಾನಿ ಒಂಬತ್ತಕ್ಕ ಯಮನ್ ಏನ್ರೀ?"

"ಫೋಟೋದಲ್ಲಿ ಕೇಳಿಸಲ್ಲವಲ್ಲ ಮಾಸ್ತರೇ."

"ಫೋಟೋಕ್ಕ ಕೇಳಸೂದಿಲ್ಲ. ನನಗ ಕೇಳಸ್ತೈತಲ್ಲ."

ಯಮನ್ ಸಂಜೆಯ ರಾಗ. ಬೆಳಗಿನ ರಾಗ ತೋಡಿ ಹಾಡಿದಳು. ಹತ್ತು ಗಂಟೆ ದಾಟಿದ ಮೇಲೆ ಜೌನಪುರಿ.

ಆ ಕೋಣೆಯಲ್ಲಿ ಎರಡು ತೊಂದರೆ ಇತ್ತು. ನೆಲ ಕೆಂಪು ಕಾವಿಯದ್ದು. ಕಿಟಕಿಯ ಬೆಳಕು ನೆಲಕ್ಕೆ ಬಿದ್ದು ಮೇಲೆದ್ದಾಗ ಗದ್ದದ ಕೆಳಗೆಲ್ಲ ಕೆಂಪು ಕೆಂಪು. ಕಂಪ್ಯೂಟರಿನಲ್ಲಿ ಸರಿ ಮಾಡಬಹುದು, ಆದರೆ ಮೂಗಿನ ಒಂದು ಬದಿ ಸರಿ ಹೋದರೆ ಇನ್ನೊಂದು ಬದಿ ಹಸಿರಾಗುತ್ತದೆ. ಕಾಕು ಮಾಸ್ತರರದೇ ಒಗೆದ ಬಿಳಿ ಧೋತರ ತಂದು ಪೇಟಿಯ ಮುಂದೆ ಹಾಸಿದರು. ಕೆಂಪು ಹೋಯಿತು, ಮುಖಕ್ಕೆ ಕೆಳಗಿನಿಂದ ಮೆತ್ತಗೆ ಬಿಳಿ ಬೆಳಕು ಬಂತು. ಸಾವಿರಾರು ರೂಪಾಯಿಯ ರಿಫ್ಲೆಕ್ಟರ್ ನನ್ನ ಗಾಡಿಯಲ್ಲೇ ಉಳಿಯಿತು.

ಇನ್ನೊಂದು ತೊಂದರೆ, ಹಿಂದಿನ ಗೋಡೆ. ಅಲ್ಲಿ ಗಡಿಯಾರ, ದೇವರ ಫೋಟೋ, ಮೀಟರ್ ಬೋರ್ಡು. ನಾನು ತಂದಿದ್ದ ಕಪ್ಪು ಸ್ಯಾಟಿನ್ ಬಟ್ಟೆ ಕಿಟಕಿ ಬೆಳಕಿಗೆ ಮಿಂಚುತ್ತಿತ್ತು. ಮಾಸ್ತರರೇ ಹೇಳಿದರು, ಅಟ್ಟದ ಮೇಲೆ ಕಂಬಳಿ ಐತಿ ನೋಡ್ರಿ ಅಂತ. ಕುರಿ ಉಣ್ಣೆಯ ಕರಿ ಕಂಬಳಿ. ಅದರಷ್ಟು ಒಳ್ಳೆಯ ಹಿನ್ನೆಲೆ ನಾನು ದುಡ್ಡು ಕೊಟ್ಟು ಎಲ್ಲೂ ಕೊಂಡಿಲ್ಲ. ಬೆಳಕು ಅದರ ಮೇಲೆ ಬಿದ್ದರೆ ವಾಪಸ್ ಬರುವುದಿಲ್ಲ, ಒಳಗೇ ಕುಡಿದುಬಿಡುತ್ತದೆ. ಒಂದೇ ಕಾಟ, ನಡುನಡುವೆ ಬಿಳಿ ಉಣ್ಣೆಯ ಎಳೆಗಳು ಇರುತ್ತವೆ. ಫೋಟೋದಲ್ಲಿ ಗೀರು ಬಿದ್ದ ಹಾಗೆ ಕಾಣುತ್ತವೆ, ಒಂದೊಂದನ್ನೇ ಅಳಿಸಲು ಅರ್ಧ ತಾಸು ಹಿಡಿಯಿತು.

ಕನ್ನಡಕದ ಗಾಜಿನಲ್ಲಿ ಕಿಟಕಿ ಕಾಣುತ್ತಿತ್ತು. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಸ್ವಲ್ಪ ಮೇಲಕ್ಕೆತ್ತಿ, ಕೂದಲಿನ ಒಳಗೆ ಸಿಕ್ಕಿಸಿದೆ. ಗಾಜು ತುಸು ಕೆಳಕ್ಕೆ ಬಾಗುತ್ತದೆ, ಕಿಟಕಿ ಮಾಯ. ಹಳೆಯ ಸ್ಟುಡಿಯೋದವರೆಲ್ಲ ಬಲ್ಲ ಉಪಾಯ ಇದು.

85 ಎಂಎಂ ಲೆನ್ಸ್, ಎಫ್ 2.8, ವೇಗ 1/100. ಮುಖ ಚೂಪಾಗಿ ಬರಬೇಕು, ಬೆರಳು ಸ್ವಲ್ಪ ಅಲುಗಿದರೆ ಅಲುಗಲಿ.

ಇನ್ನು ಕ್ಲಿಕ್ ಮಾಡುವ ಸಮಯ. ತಬಲಾಕ್ಕೆ ಮೊಬೈಲಿನಲ್ಲಿ ತೀನತಾಲ್ ಹಚ್ಚಿದ್ದೆವು, 16 ಮಾತ್ರೆ. ನಾನು ಮೊದಲು ಸಮ್, ಅಂದರೆ ಆವರ್ತದ ಮೊದಲ ಮಾತ್ರೆ ಬಂದಾಗ ಒತ್ತುತ್ತಿದ್ದೆ. ಸಮ್ ಬಿದ್ದ ಕೂಡಲೇ ಮಾಸ್ತರರ ಮುಖ ಅರಳುತ್ತಿತ್ತು, ತಲೆ ಆಡುತ್ತಿತ್ತು. ಚೆನ್ನಾಗಿಯೇ ಇತ್ತು. ಆದರೆ ಸಮ್ ಮೇಲೆ ಎಲ್ಲರ ಮುಖವೂ ಹಾಗೇ ಅಲ್ವಾ? ಕೇಳುಗರದ್ದೂ ಹಾಗೇ ಇರುತ್ತದೆ. ಅರ್ಧ ತಾಸು ಆದ ಮೇಲೆ ಗಮನಿಸಿದೆ: ಸಮ್‌ಗೆ ಎರಡು ಮೂರು ಮಾತ್ರೆ ಮೊದಲು ಅವರ ಮುಖ ಬೇರೆಯಾಗುತ್ತದೆ. ಹುಬ್ಬು ಒಂಚೂರು ಏರುತ್ತದೆ. ತುಟಿ ಅರ್ಧ ತೆರೆಯುತ್ತದೆ. ಆ ಹುಡುಗಿ ತಾನ್ ಅನ್ನು, ಆ ವೇಗದ ಸ್ವರಗಳ ಓಟವನ್ನು ಎಲ್ಲಿಗೆ ತಂದು ಇಳಿಸುತ್ತಾಳೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ, ಆದರೆ ಬೆರಳು ಅಲ್ಲಿರಬೇಕು. ಮಗು ಮೆಟ್ಟಿಲು ಇಳಿಯುವಾಗ ಹಿಂದೆ ನಿಂತ ಅಜ್ಜನ ಮುಖ ಹೇಗಿರುತ್ತದೋ ಹಾಗೆ. 14ನೇ ಮಾತ್ರೆಗೆ ಒತ್ತತೊಡಗಿದೆ. ಪುಸ್ತಕದ ಮೇಲಿರುವುದು ಜೌನಪುರಿಯ ಒಂದು 14ನೇ ಮಾತ್ರೆ.

ಚರ್ಮವನ್ನು ನಾನು ನಯ ಮಾಡಲಿಲ್ಲ. ಮಗ ಕೇಳಿದ್ದ, "ಅಪ್ಪಾಜಿದು ಸ್ವಲ್ಪ ಫ್ರೆಶ್ ಮಾಡ್ರಿ" ಅಂತ. ಪೇಟಿಗೆ ಗಾಳಿ ಹಾಕುವ ತಿದಿ ಒತ್ತಿ ಒತ್ತಿ ಎಡ ಅಂಗೈಯ ಅಂಚು ಒರಟಾಗಿದೆ. ಅದನ್ನು ಅಳಿಸಿದರೆ ಉಳಿಯುವುದೇನು?

ಬೆನ್ನಿನ ಕಡೆ ನೋಡುವ ಮುಖ

ಜಗಳ ಶುರುವಾದದ್ದು ಮುಖಪುಟದಲ್ಲಿ.

ಹಿಂದುಸ್ತಾನಿ ಕಛೇರಿಯಲ್ಲಿ ಸಭೆಯಿಂದ ನೋಡಿದರೆ ಸಾಮಾನ್ಯವಾಗಿ ತಬಲಾದವರು ಎಡಕ್ಕೆ, ಪೇಟಿಯವರು ಬಲಕ್ಕೆ, ನಡುವೆ ಗಾಯಕರು. ಹಾಗಾಗಿ ಫೋಟೋದಲ್ಲಿ ಮಾಸ್ತರರು ಎಡಗಡೆಗೆ ನೋಡುತ್ತಾರೆ. ಕನ್ನಡ ಪುಸ್ತಕದ ಮುಂದಿನ ರಕ್ಷಾಪುಟದಲ್ಲಿ ಎಡಗಡೆ ಅಂದರೆ ಪುಸ್ತಕದ ಬೆನ್ನು. ಅವರನ್ನು ಬಲ ಅಂಚಿಗೆ ತಂದು ಕೂರಿಸಿದೆ, ಟ್ರಂಕಿನ ಫೋಟೋಗಳಲ್ಲಿ ಇರುವ ಹಾಗೇ. ಎಡಕ್ಕೆಲ್ಲ ಕಂಬಳಿಯ ಕಪ್ಪು. ಆ ಕಪ್ಪು ಬೆನ್ನು ದಾಟಿ ಹಿಂದಿನ ಪುಟಕ್ಕೂ ಹರಿಯುತ್ತದೆ. ಮಾಸ್ತರರು ನೋಡುವ ಜಾಗದಲ್ಲಿ ಯಾರೂ ಇಲ್ಲ. ಗಾಯಕರ ಜಾಗ ಖಾಲಿ.

ಪ್ರಕಾಶಕರು ಹೇಳಿದ್ದು: ಅರ್ಧ ಪುಸ್ತಕ ಕಪ್ಪು ಯಾಕೆ? ಮುಖ ಹೊರಗಡೆ ನೋಡಬೇಕು, ಓದುಗ ಪುಟ ತೆರೆಯುವ ಕಡೆ. ಮುಖ್ಯವಾಗಿ, ಆ ಹೆಸರಾಂತ ಗಾಯಕರ ಜೊತೆಗಿನ ಫೋಟೋ ಇದೆಯಲ್ಲ, ಅದನ್ನೇ ದೊಡ್ಡದಾಗಿ ಹಾಕಿ. ಅವರ ಮುಖ ನೋಡಿ ಜನ ಕೊಳ್ಳುತ್ತಾರೆ.

ಮಾರಾಟದ ಲೆಕ್ಕದಲ್ಲಿ ಅದು ತಪ್ಪೇನಲ್ಲ. ನನಗೆ ಬೇಜಾರಾದದ್ದು ಮಾಸ್ತರರೂ ಅದೇ ಮಾತು ಹೇಳಿದಾಗ. "ಬುವಾ ಅವರದ ಹಾಕ್ರಿ. ನಂದು ಹಿಂದ ಸಣ್ಣದ ಒಂದು ಇದ್ರ ಸಾಕು." ಬುವಾ ಅಂದರೆ ಆ ಗಾಯಕರು. ತಮ್ಮದೇ ಪುಸ್ತಕದಲ್ಲೂ ಅಂಚಿಗೆ ಸರಿದು ಕೂರುವ ಮನುಷ್ಯ.

ಆವತ್ತು ನಾನು ಅವರಿಗೆ ತೋರಿಸಿದ್ದು ಅಮೆರಿಕದ ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳ ಹೊದಿಕೆಗಳನ್ನು. ಬರ್ಲಿನ್‌ನಿಂದ 1939ರಲ್ಲಿ ನ್ಯೂಯಾರ್ಕಿಗೆ ಬಂದ ಫ್ರಾನ್ಸಿಸ್ ವುಲ್ಫ್ ಆ ಕಂಪನಿಯ ಪಾಲುದಾರ, ಫೋಟೋಗ್ರಾಫರ್ ಕೂಡ. ನುಡಿಸುವವರನ್ನು ಅವನು ಪೋಸು ಕೊಡಿಸದೆ ರೆಕಾರ್ಡಿಂಗಿನ ನಡುವೆಯೇ ತೆಗೆಯುತ್ತಿದ್ದ. 1950ರ ದಶಕದ ಮಧ್ಯದಿಂದ ಸುಮಾರು ಹತ್ತು ವರ್ಷ ಆ ಫೋಟೋಗಳಿಗೆ ವಿನ್ಯಾಸ ಮಾಡಿದವನು ರೀಡ್ ಮೈಲ್ಸ್. ಐನೂರರ ಹತ್ತಿರ ಹೊದಿಕೆಗಳು. ದುಡ್ಡು ಉಳಿಸಲು ಎಷ್ಟೋ ಸಲ ಎರಡೇ ಬಣ್ಣ. ಫೋಟೋವನ್ನು ಅವನು ಎಷ್ಟು ಕತ್ತರಿಸುತ್ತಿದ್ದ ಅಂದರೆ ವುಲ್ಫ್‌ಗೆ ಸಿಟ್ಟೇ ಬರುತ್ತಿತ್ತಂತೆ. ತಮಾಷೆ ಅಂದರೆ ಮೈಲ್ಸ್‌ಗೆ ಜಾಝ್ ಅಷ್ಟೇನೂ ರುಚಿಸುತ್ತಿರಲಿಲ್ಲ, ಅವನದು ಪಾಶ್ಚಾತ್ಯ ಶಾಸ್ತ್ರೀಯದ ಕಿವಿ. ಆದರೂ ಆ ಹೊದಿಕೆಗಳಲ್ಲಿ ಮುಖ ಒಂದು ಮೂಲೆಗಿದ್ದರೆ ಉಳಿದ ಖಾಲಿ ಜಾಗವೂ ಏನೋ ಹೇಳುತ್ತದೆ. ನಾನು ಕದ್ದದ್ದು ಅದನ್ನೇ.

ಮಾಸ್ತರರು ಒಂದೊಂದೇ ನೋಡಿದರು. ಕೊನೆಗೆ ನನ್ನ ಮುಖಪುಟದ ಮೇಲೆ ಕೈ ಇಟ್ಟು, ಖಾಲಿ ಕಪ್ಪು ಜಾಗ ಸವರಿ, "ಇಲ್ಲಿ ಬುವಾ ಅವರು" ಅಂದರು. ಪ್ರಕಾಶಕರ ಜೊತೆ ನಾನು ಮಾತಾಡುವ ಅಗತ್ಯ ಬರಲಿಲ್ಲ, ಅವರೇ ಮಾತಾಡಿದರು. ಗಾಯಕರ ಜೊತೆಗಿನ ಫೋಟೋಗಳು ಒಳಗೆ ಎಂಟು ಪುಟದ ಆರ್ಟ್ ಪೇಪರಿಗೆ ಹೋದವು.

ಉಳಿದದ್ದು ಬೇಗ ಹೇಳುತ್ತೇನೆ. ಪುಸ್ತಕದ ಹೆಸರಿನಲ್ಲಿ 'ಪಕ್ಕವಾದ್ಯ' ಎಂಬ ಪದ ಇದೆ. ಡಿಟಿಪಿಯವರು ಹಳೆಯ 'ನುಡಿ' ತಂತ್ರಾಂಶದಲ್ಲಿ ಕಳಿಸಿದ್ದರು, ನನ್ನ ಕಡೆ ತೆರೆದರೆ ಬರೀ ಚಿತ್ರವಿಚಿತ್ರ ಗುರುತು. ಯೂನಿಕೋಡಿಗೆ ತಿರುಗಿಸಿಕೊಂಡೆ. 'ಕ್ಕ', 'ದ್ಯ' ಎರಡಕ್ಕೂ ಒತ್ತಕ್ಷರ ಕೆಳಗೆ ಜೋತು ಬೀಳುತ್ತದೆ. ಅದರ ಕೆಳಗಿನ ಸಾಲಿನಲ್ಲಿ ಗುಡಿಸು ಇರುವ ಅಕ್ಷರ ಬಂದರೆ ಡಿಕ್ಕಿ. ಇಂಗ್ಲಿಷ್ ಅಳತೆಯಲ್ಲಿ ಸಾಲು ಜೋಡಿಸುವವರು ಕನ್ನಡ ಮುಖಪುಟ ಕೆಡಿಸುವುದು ಇಲ್ಲೇ. ಒಂದೋ ಸಾಲುಗಳನ್ನು ದೂರ ಇಡುತ್ತಾರೆ, ಹೆಸರು ಎರಡು ಹೆಸರಾಗುತ್ತದೆ. ಇಲ್ಲ, ಒತ್ತಕ್ಷರವನ್ನು ಹಿಂಡುತ್ತಾರೆ, 'ಕ್ಕ' ಯಾವುದೋ ಹುಳದ ಹಾಗೆ ಕಾಣುತ್ತದೆ. ನಾನು ಎರಡನೇ ಸಾಲನ್ನು ತುಸು ಬಲಕ್ಕೆ ಸರಿಸಿದೆ. ಒತ್ತುಗಳು ಕೆಳಗಿನ ಸಾಲಿನ ಸಂದಿಗೆ ಹೋಗಿ ಕೂತವು.

ಬೆನ್ನಿನ ಅಗಲ 70 ಜಿಎಸ್‌ಎಂ ಮ್ಯಾಪ್ಲಿತೋ ಕಾಗದಕ್ಕೆ ಲೆಕ್ಕ ಹಾಕಿದ್ದೆ. 192 ಪುಟ ಅಂದರೆ 96 ಹಾಳೆ, ಸುಮಾರು 9 ಮಿಲಿಮೀಟರ್. ಕೊನೇ ಗಳಿಗೆಯಲ್ಲಿ ಪ್ರೆಸ್‌ನವರು ಉಬ್ಬು ಕಾಗದ ಹಾಕಿ ಬೆನ್ನು 11 ದಾಟಿತು. ಸುತ್ತಲೂ ಒಂದೇ ಕಪ್ಪು ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆ ಕಪ್ಪಿನ ಬಗ್ಗೆ ಮಾತ್ರ ಪ್ರೆಸ್‌ನಲ್ಲಿ ನಿಂತು ನೋಡಿದೆ. ಬರೀ ಕಪ್ಪು ಶಾಯಿ ಹೊಡೆದರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಕೆಳಗೆ ಉಳಿದ ಮೂರು ಬಣ್ಣವನ್ನೂ ಹದವಾಗಿ ಕೊಡಬೇಕು. ಜಾಸ್ತಿಯಾದರೆ ಒಣಗುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಅಂಟುತ್ತದೆ.

ಎಡಚ ಮಾಸ್ತರರು

ಬಿಡುಗಡೆ ಒಂದು ಭಾನುವಾರ ಸಂಜೆ ಐದೂವರೆಗೆ. ನಾಲ್ಕಕ್ಕೆ ಹೋದೆ. ವೇದಿಕೆಯ ಹಿಂದೆ 10 ಅಡಿ ಅಗಲ, 6 ಅಡಿ ಎತ್ತರದ ಫ್ಲೆಕ್ಸ್. ಎಡಗಡೆ ಮಾಸ್ತರರ ಫೋಟೋ, ಬಲಗಡೆ ಅತಿಥಿಗಳ ಹೆಸರು, ಪುಟ್ಟ ಪುಟ್ಟ ಮುಖಗಳು. ಏನೋ ಸರಿ ಇಲ್ಲ ಅನ್ನಿಸಿತು. ಏನು ಅಂತ ಗೊತ್ತಾಗಲಿಲ್ಲ. ನಾನೇ ತೆಗೆದ ಫೋಟೋ, ನನಗೇ ಗೊತ್ತಾಗಲಿಲ್ಲ.

ಕಾಕು ಒಳಗೆ ಬಂದವರೇ ನಿಂತರು. "ತಮ್ಮಾ, ಉಂಗುರ ಆ ಕೈಯಾಗ ಯಾಕ ಬಂತು?"

ಫೋಟೋ ತಿರುಗಿಸಿದ್ದರು. ಕನ್ನಡಿಯಲ್ಲಿ ಕಂಡ ಹಾಗೆ. ಪೇಟಿ ನುಡಿಸುವವರು ಸಾಮಾನ್ಯವಾಗಿ ಬಲಗೈಯಲ್ಲಿ ಮನೆ, ಅಂದರೆ ಸ್ವರದ ಪಟ್ಟಿಗಳನ್ನು ಒತ್ತುತ್ತಾರೆ, ಎಡಗೈಯಲ್ಲಿ ತಿದಿ. ಫ್ಲೆಕ್ಸ್‌ನಲ್ಲಿ ಅದು ಉಲ್ಟಾ. ಖರ್ಜದ, ಅಂದರೆ ತಗ್ಗಿನ ಸ್ವರಗಳು ಬಲಕ್ಕೆ, ತಾರದ, ಅಂದರೆ ಮೇಲಿನ ಸ್ವರಗಳು ಎಡಕ್ಕೆ. ಅಂಗಿಯ ಗುಂಡಿಪಟ್ಟಿಯೂ ಹೆಂಗಸರ ಬಟ್ಟೆಯ ಹಾಗೆ. ಊರಿನ ಅರ್ಧ ಸಂಗೀತಗಾರರು ಆ ಸಂಜೆ ಬರುವವರಿದ್ದರು.

ಮಾಸ್ತರರು ಹತ್ತಿರ ಹೋಗಿ ನೋಡಿದರು. ತಮ್ಮ ಎರಡೂ ಕೈ ಮುಂದೆ ಹಿಡಿದು ಹೋಲಿಸಿದರು. "ಹೌದಲ್ರೀ. ಇಂವ ಎಡಚ." ತಬಲಾದವರು ಬಿದ್ದು ಬಿದ್ದು ನಕ್ಕರು.

ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿದೆ. "ಮುಖ ಒಳಗ ನೋಡಬೇಕ್ರಿ ಸರ. ಹೊರಗ ನೋಡಿದ್ರ ಛಲೋ ಕಾಣೂದಿಲ್ಲ." ಅವರ ಮಾತು ತಪ್ಪಲ್ಲ. ಫೋಟೋ ಎಡಕ್ಕೆ ಇಟ್ಟರೆ ಮುಖ ಬಲಕ್ಕೆ ನೋಡಬೇಕು, ಹೆಸರುಗಳ ಕಡೆ. ವಿನ್ಯಾಸ ಕಲಿಸುವಾಗ ನಾನೂ ಅದನ್ನೇ ಹೇಳುತ್ತೇನೆ. ಬರೀ ಮುಖ ಆಗಿದ್ದರೆ ತಿರುಗಿಸಿದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಾದ್ಯ ಬಂದ ಕೂಡಲೇ ಆ ಸ್ವಾತಂತ್ರ್ಯ ಹೋಗುತ್ತದೆ. ಬರೆಯುವವರ ಕೈಯಲ್ಲಿ ಪೆನ್ನಿದ್ದರೂ ಅಷ್ಟೇ, ಹಿಂದೆ ಪುಸ್ತಕದ ಕಪಾಟಿದ್ದರೂ ಅಷ್ಟೇ, ಅಕ್ಷರಗಳೆಲ್ಲ ಉಲ್ಟಾ ಆಗಿ ಕೂರುತ್ತವೆ.

ತಪ್ಪು ನನ್ನದೂ ಇತ್ತು. ಆಯೋಜಕರಿಗೆ ನಾನು ಕೊಟ್ಟದ್ದು ಪುಸ್ತಕಕ್ಕೆ ಮಾಡಿದ ಉದ್ದನೆಯ ಫೋಟೋ ಒಂದೇ. ಅಡ್ಡ ಫ್ಲೆಕ್ಸ್‌ಗೆ ಅದು ಹೊಂದುವುದಿಲ್ಲ ಅಂತ ಗೊತ್ತಿದ್ದೂ ಅಗಲದ ಆವೃತ್ತಿ ಮಾಡಿ ಕೊಡಲಿಲ್ಲ. ಕಪ್ಪು ಹಿನ್ನೆಲೆ, ಎಡಕ್ಕೆ ಎಷ್ಟು ಬೇಕಾದರೂ ಹಿಗ್ಗಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಮಾಸ್ತರರು ಬಲ ತುದಿಗೆ, ಹೆಸರುಗಳೆಲ್ಲ ಎಡಕ್ಕೆ, ನೋಟ ತಾನಾಗಿಯೇ ಒಳಗೆ. ಈಗ ಯಾರಿಗೆ ಫೈಲ್ ಕೊಟ್ಟರೂ ಉದ್ದ, ಅಡ್ಡ, ಚೌಕ ಮೂರೂ ಕೊಡುತ್ತೇನೆ. ವಾದ್ಯ ಇದ್ದರೆ ಫೈಲಿನ ಹೆಸರಿನಲ್ಲೇ 'ತಿರುಗಿಸಬೇಡಿ' ಅಂತ ಬರೆದಿರುತ್ತೇನೆ.

ಕಾನೂನು ಏನು ಹೇಳುತ್ತದೆ ಅಂತ ಒಬ್ಬ ಗೆಳೆಯ ಕೇಳಿದ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಈ ಫೋಟೋ ನನ್ನದಲ್ಲ. ಕೃತಿಯನ್ನು ವಿರೂಪ ಮಾಡಿ ಹೆಸರು ಕೆಡಿಸಿದರೆ ಕೇಳುವ ಹಕ್ಕು ಮಾತ್ರ ಮಾಡಿದವನಿಗೆ ಆಮೇಲೂ ಉಳಿಯುತ್ತದೆ. ಸುಮಾರು ಫೋಟೋಗ್ರಾಫರುಗಳಿಗೆ ಇದರ ಮೊದಲ ಭಾಗ ಗೊತ್ತಿಲ್ಲ. ಕಾಗದದ ಮೇಲೆ ಬರೆದುಕೊಳ್ಳದೆ ಕೆಲಸ ಒಪ್ಪಿಕೊಳ್ಳುತ್ತಾರೆ, ಆಮೇಲೆ ಜಗಳಾಡುತ್ತಾರೆ.

ಹೊಸ ಫ್ಲೆಕ್ಸ್ ಹೊಡೆಸಿದೆವು. ಅದು ಬಂದಾಗ ಐದು ಐವತ್ತು, ದೀಪ ಬೆಳಗಿ ಆಗಿತ್ತು. ನಡುವೆ ಎದ್ದು ಬದಲಿಸೋಣ ಅಂದರೆ ಮಾಸ್ತರರು ಬೇಡ ಅಂತ ಕೈ ಆಡಿಸಿದರು. ಅದನ್ನು ಗೇಟಿಗೆ ಕಟ್ಟಿದೆವು. ಹಾಗಾಗಿ ಆ ಸಂಜೆಯ ಎಲ್ಲ ಫೋಟೋದಲ್ಲೂ ಮುಂದೆ ಬಲಗೈಯ ಮಾಸ್ತರರು ನುಡಿಸುತ್ತಿದ್ದಾರೆ, ಹಿಂದೆ ಎಡಗೈಯ ಮಾಸ್ತರರು.

ಚೌಕ ಚಿತ್ರ, ಮತ್ತೆ ಗೋಡೆ

ಆಲ್ಬಂನ ಚಿತ್ರ 3000 ಪಿಕ್ಸೆಲ್ ಉದ್ದ, 3000 ಅಗಲ. ಆದರೆ ಜನ ಅದನ್ನು ನೋಡುವುದು ಮೊಬೈಲಿನಲ್ಲಿ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾಗಿ. ಅಷ್ಟರಲ್ಲಿ ಮುಖ, ಪೇಟಿ, ಖಾಲಿ ಜಾಗ ಮೂರೂ ಹಿಡಿಯುವುದಿಲ್ಲ. ಸಾಥ್ ಇಲ್ಲದ ಸೋಲೊ ಆದ್ದರಿಂದ ಯಾರನ್ನೋ ನೋಡುವ ಮುಖ ಅಲ್ಲಿ ಸುಳ್ಳು ಕೂಡ. ಹಾಗಾಗಿ ಬರೀ ಬಲಗೈ. ಐದು ಬೆರಳು, ಕಪ್ಪು ಬಿಳಿ ಮನೆಗಳು, ಉಂಗುರ. ಹೆಸರನ್ನು ಚಿತ್ರದ ಮೇಲೆ ಹಾಕಲಿಲ್ಲ, ಆ್ಯಪ್‌ನಲ್ಲಿ ಪಕ್ಕದಲ್ಲೇ ಇರುತ್ತದಲ್ಲ. ಇದನ್ನು ಮಾತ್ರ ಯಾರೂ ಪ್ರಶ್ನೆ ಮಾಡಲಿಲ್ಲ.

ಕೆಲಸ ಮುಗಿದ ಮೇಲೆ ಮಾಸ್ತರರಿಗೆ ಒಂದು ದೊಡ್ಡ ಪ್ರಿಂಟ್ ಕೊಡುವುದು ನನ್ನ ಪದ್ಧತಿ. ಮುಖಪುಟದ ಫೋಟೋವನ್ನೇ 16 ಇಂಚು, 24 ಇಂಚಿನಲ್ಲಿ ಹಾಕಿಸಿಕೊಡುತ್ತೇನೆ ಅಂದೆ. ಅವರು ಸುಮ್ಮನಿದ್ದರು. ಆಮೇಲೆ ಕೇಳಿದರು, ಆವತ್ತು ಮೊದಲಿಗೆ ಏನೋ ಟೆಸ್ಟ್ ಅಂತ ತೆಗೆದಿದ್ದಿರಲ್ಲ, ಅದು ಐತೇನ್ರಿ ಅಂತ.

ಇತ್ತು. ಬೆಳಕು ನೋಡಲು ಅಗಲ ಲೆನ್ಸ್‌ನಲ್ಲಿ ತೆಗೆದದ್ದು. ಕಂಬಳಿಯ ಅಂಚು ಕಾಣುತ್ತದೆ, ಅದರಾಚೆ ಮೀಟರ್ ಬೋರ್ಡು. ನೆಲದ ಮೇಲೆ ಧೋತರ. ಎಡಗಡೆ ಆ ಹುಡುಗಿ, ತಂಬೂರಿ ಹಿಡಿದು, ಬಾಯಿ ತೆರೆದು. ಮಾಸ್ತರರು ಆಕೆಯನ್ನು ನೋಡುತ್ತಿದ್ದಾರೆ.

"ಅದನ್ನ ಕೊಡ್ರಿ. ಆಕಿನೂ ಇದ್ದದ್ದು."

ಮುಖಪುಟದ ವಿಷಯದಲ್ಲಿ ನಾನು ಮಾಡಿದ್ದೇ ಸರಿ ಅಂತ ಈಗಲೂ ಅನ್ನುತ್ತೇನೆ. ಆದರೂ ಆ ಟೆಸ್ಟ್ ಫೋಟೋವನ್ನೇ ಹಾಕಿಸಿ, ಕಟ್ಟು ಹಾಕಿಸಲು ಅವರ ಜೊತೆಯೇ ಅಂಗಡಿಗೆ ಹೋದೆ. ಅಂಗಡಿಯವನು ಅಳತೆಪಟ್ಟಿ ಇಟ್ಟು, ಪೆನ್ಸಿಲಿನಿಂದ ಮೀಟರ್ ಬೋರ್ಡಿನ ಕಡೆ ತೋರಿಸಿ, "ಇಷ್ಟು ಕಟ್ ಮಾಡ್ಲೇನ್ರಿ?" ಅಂದ.

"ಏನೂ ಕಟ್ ಮಾಡಬ್ಯಾಡ," ಅಂದರು ಮಾಸ್ತರರು.